ಲೂಥರನ ಹಿರಿಯರ ಮನೆಗಳೂ ಹೊಲಗಳೂ

ಒಂದು ಕುಟುಂಬದ ಚರಿತ್ರೆಯನ್ನು ತಿಳಿಯಬೇಕೆಂದು ಹೊರಡುವವರು ಸಾಮಾನ್ಯವಾಗಿ ಮೊದಲು ವಂಶಾವಳಿಯನ್ನು ಕೇಳುತ್ತಾರೆ. ತಂದೆ, ಅಜ್ಜ, ಮುತ್ತಜ್ಜ ಎಂದು ಹೆಸರುಗಳು ಒಂದರ ಮೇಲೊಂದಾಗಿ ಬರೆಯಲ್ಪಡುತ್ತವೆ. ಆದರೆ ಆ ಜನರು ಯಾವ ಊರಿನಲ್ಲಿ ಬಾಳಿದರು, ಯಾವ ನೆಲವನ್ನು ಉತ್ತರು, ಯಾವ ಹಕ್ಕಿನಿಂದ ಅದನ್ನು ಅನುಭವಿಸಿದರು, ಅದು ಅವರ ಕೈಯಿಂದ ಯಾರ ಕೈಗೆ ಹೋಯಿತು ಎಂಬದನ್ನು ಹೆಸರುಗಳ ಪಟ್ಟಿಯು ಹೇಳಲಾರದು. ಅದನ್ನು ಹೇಳತಕ್ಕವು ಮನೆಗಳು, ಹೊಲಗಳು, ಮತ್ತು ಅವುಗಳ ವಿಷಯವಾಗಿ ಬರೆಯಲ್ಪಟ್ಟ ಪತ್ರಗಳು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಹಳೆಯ ವಂಶಾವಳಿಗಳಲ್ಲಿ ಗಂಡುಮಕ್ಕಳ ಹೆಸರುಗಳೇ ಹೆಚ್ಚಾಗಿರುತ್ತವೆ. ಹೆಣ್ಣುಮಕ್ಕಳು ಮದುವೆಯಾದೊಡನೆ ಆ ಕಾಗದದಿಂದ ಮರೆಯಾಗುತ್ತಾರೆ. ಕ್ರಯಪತ್ರ, ಪಾಲುಪತ್ರ, ಮರಣಶಾಸನಗಳಲ್ಲಾದರೋ ಅವರು ಹಾಗೆ ಮರೆಯಾಗುವದಿಲ್ಲ. ಆಸ್ತಿಯಲ್ಲಿ ಪಾಲುಳ್ಳವರೆಲ್ಲರ ಹೆಸರನ್ನೂ ಅಲ್ಲಿ ಬರೆಯಲೇಬೇಕಾಗುವದು. ಆದುದರಿಂದ ನೆಲದ ಪತ್ರಗಳನ್ನು ಓದಬಲ್ಲವರಿಗೆ ವಂಶಾವಳಿಯಲ್ಲಿ ಕಾಣದ ತಾಯಂದಿರೂ ಅಕ್ಕತಂಗಿಯರೂ ಕಾಣಸಿಗುತ್ತಾರೆ. ಇದಕ್ಕೆ ದೃಷ್ಟಾಂತವಾಗಿ ನಾವೆಲ್ಲರೂ ಹೆಸರು ಬಲ್ಲ ಒಂದು ಜರ್ಮನ್ ಕುಟುಂಬವನ್ನು, ಅಂದರೆ ಸಭಾಸುಧಾರಕನಾದ ಮಾರ್ಟಿನ್ ಲೂಥರನ ಮನೆತನವನ್ನು, ಊರಿನಿಂದ ಊರಿಗೆ ಹಿಂಬಾಲಿಸಿ ನೋಡೋಣ.

ಮೋರಾ ಗ್ರಾಮ

ಜರ್ಮನಿಯ ನಡುಭಾಗದಲ್ಲಿರುವ ಥೂರಿಂಗಿಯ ಸೀಮೆಯಲ್ಲಿ, ಐಸೆನಾಖ್ ಪಟ್ಟಣದ ದಕ್ಷಿಣಕ್ಕೆ ಕೆಲವು ಮೈಲುಗಳ ದೂರದಲ್ಲಿ, ಮೋರಾ ಎಂಬ ಚಿಕ್ಕ ಗ್ರಾಮವುಂಟು. ಲೂಥರನ ತಂದೆಯ ಕಡೆಯವರು ಈ ಊರಿನ ರೈತರು. ಅಜ್ಜನ ಹೆಸರು ಹೈನ್ ಲೂಡರ್. ತಾನು ರೈತನ ಮಗನೆಂದೂ ತನ್ನ ಹಿರಿಯರೆಲ್ಲರೂ ರೈತರಾಗಿದ್ದರೆಂದೂ ಲೂಥರನು ಮುಂದೆ ದೊಡ್ಡ ವಿದ್ವಾಂಸನಾದಾಗಲೂ ನಾಚಿಕೆಯಿಲ್ಲದೆ ಹೇಳಿಕೊಳ್ಳುತ್ತಿದ್ದನು. 1521ನೆಯ ಇಸವಿಯಲ್ಲಿ ವೋರ್ಮ್ಸ್ ಪಟ್ಟಣದಲ್ಲಿ ಚಕ್ರವರ್ತಿಯ ಮುಂದೆ ನಿಂತು ಹಿಂದಿರುಗುವಾಗ ಆತನು ಈ ಊರಿಗೆ ಬಂದು ತನ್ನ ಬಂಧುಗಳನ್ನು ಕಂಡು ಇಲ್ಲಿ ಪ್ರಸಂಗ ಮಾಡಿದನು. ಆ ಸೀಮೆಯೆಲ್ಲವೂ ತನ್ನ ನೆಂಟರಿಷ್ಟರಿಂದ ತುಂಬಿದೆಯೆಂದು ಆಗ ಸ್ನೇಹಿತನಿಗೆ ಬರೆದ ಪತ್ರದಲ್ಲಿ ತಿಳಿಸಿದ್ದಾನೆ. ಆ ಪ್ರಯಾಣದಲ್ಲಿಯೇ, ಮೋರಾವನ್ನು ಬಿಟ್ಟ ಸ್ವಲ್ಪ ಹೊತ್ತಿನಲ್ಲಿ, ರಾಜನ ಕಡೆಯವರು ಆತನನ್ನು ಹಿಡಿದವರಂತೆ ನಟಿಸಿ ವಾರ್ಟ್‌ಬುರ್ಗ್ ಕೋಟೆಯಲ್ಲಿ ಬಚ್ಚಿಟ್ಟರು.

ಲೂಥರನ ತಂದೆಯಾದ ಹಾನ್ಸ್ ಲೂಡರನು ಈ ಊರನ್ನು ಯಾಕೆ ಬಿಟ್ಟನು? ಇದಕ್ಕೆ ಉತ್ತರವು ನೆಲದ ಕಟ್ಟಳೆಯಲ್ಲಿದೆ. ಜರ್ಮನಿಯಲ್ಲಿ ತಂದೆಯ ಹೊಲವು ಮಕ್ಕಳಿಗೆ ಇಳಿದು ಬರುವ ರೀತಿಯು ಸೀಮೆಗೊಂದು ತೆರನಾಗಿತ್ತು. ನೈರುತ್ಯದ ವುರ್ಟೆಂಬರ್ಗ್ ದೇಶದಲ್ಲಿ ಗಂಡುಹೆಣ್ಣೆನ್ನದೆ ಎಲ್ಲಾ ಮಕ್ಕಳಿಗೂ ಹೊಲವನ್ನು ಹಂಚುತ್ತಿದ್ದರು. ಆದುದರಿಂದ ಅಲ್ಲಿಯ ಹೊಲಗಳು ತಲೆಮಾರಿನಿಂದ ತಲೆಮಾರಿಗೆ ಚಿಕ್ಕ ಚಿಕ್ಕ ತುಂಡುಗಳಾದವು. ವೆಸ್ಟ್‌ಫಾಲಿಯದಲ್ಲಿ ಹೊಲವನ್ನು ಒಡೆಯದೆ ಒಬ್ಬನಿಗೇ ಕೊಡುತ್ತಿದ್ದರು. ಅಲ್ಲಿ ಹೊಲಕ್ಕೊಂದು ಹೆಸರಿರುವದು. ಮಗಳೊಬ್ಬಳೇ ಬಾಧ್ಯಳಾಗಿದ್ದರೆ ಆಕೆಯನ್ನು ಮದುವೆಯಾಗಿ ಬಂದವನು ಹೊಲದ ಹೆಸರನ್ನೇ ತನ್ನ ಹೆಸರಾಗಿ ಇಟ್ಟುಕೊಳ್ಳುತ್ತಿದ್ದನು. ಇದನ್ನರಿಯದೆ ಆ ಸೀಮೆಯ ವಂಶಾವಳಿಯನ್ನು ಹುಡುಕುವವರು ದಾರಿತಪ್ಪುವರು. ಮೋರಾ ಸೀಮೆಯಲ್ಲಿಯಾದರೋ ಹೊಲಮನೆಗಳು ಕಿರಿಯ ಮಗನಿಗೆ ಸೇರುವ ವಾಡಿಕೆಯಿತ್ತೆಂದು ಲೂಥರನ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ನಮ್ಮ ತುಳುನಾಡಿನಲ್ಲಿ ಅಳಿಯಸಂತಾನದ ಮನೆತನಗಳ ಆಸ್ತಿಯು ತಾಯಿಯ ಸಂತತಿಯಲ್ಲಿ ಇಳಿದು ಬರುತ್ತಿತ್ತೆಂಬದನ್ನು ಬಲ್ಲ ನಮಗೆ ಇಂಥ ಭೇದಗಳು ಆಶ್ಚರ್ಯವಾಗಿ ತೋರಲಾರವು. ಹಾನ್ಸನು ಹಿರಿಯ ಮಗನು. ಹುಟ್ಟಿದ ಮನೆಯಲ್ಲಿ ಆಳಾಗಿರುವದಕ್ಕಿಂತ ಬೇರೆ ಕಡೆಗೆ ಹೋಗಿ ಬದುಕುವದೇ ಲೇಸೆಂದು ಆತನು ಹೊರಟನು. ಹೀಗೆ ಒಂದು ಗ್ರಾಮದ ಹೊಲದ ವಾಡಿಕೆಯು ಒಂದು ಕುಟುಂಬವನ್ನು ಸ್ಥಳದಿಂದ ಕದಲಿಸಿತು.

ಮೋರಾದಲ್ಲಿ ಈಗಲೂ ಲೂಥರ್ ಮನೆತನದ ಮೂಲಮನೆಯೆಂದು ಒಂದು ಮನೆಯನ್ನು ತೋರಿಸುತ್ತಾರೆ. ಮರದ ಚೌಕಟ್ಟಿನ ಆ ಕಟ್ಟಡವು ಲೂಥರನ ಕಾಲಕ್ಕಿಂತ ಈಚಿನದು. ಹಳೆಯ ನೆಲದ ಮೇಲೆ ಹೊಸ ಮನೆಯೇಳುವದು ಎಲ್ಲಾ ದೇಶಗಳಲ್ಲಿಯೂ ಉಂಟು. ಆದುದರಿಂದ ಹುಡುಕುವವರು ಮನೆ ಬೇರೆ, ಮನೆಯ ಸ್ಥಳ ಬೇರೆ ಎಂಬದನ್ನು ಮೊದಲನೆಯ ಪಾಠವಾಗಿ ಕಲಿಯಬೇಕು.

ಐಸ್ಲೇಬೆನಿನ ಎರಡು ಮನೆಗಳು

ಮೋರಾವನ್ನು ಬಿಟ್ಟ ಹಾನ್ಸನು ತನ್ನ ಹೆಂಡತಿಯೊಡನೆ ಮಾನ್ಸ್‌ಫೆಲ್ಡ್ ಪ್ರಭುಗಳ ಸೀಮೆಗೆ ಬಂದನು. ಅಲ್ಲಿಯ ಬೆಟ್ಟಗಳಲ್ಲಿ ತಾಮ್ರದ ಗಣಿಗಳಿದ್ದವು. ಆ ಸೀಮೆಯ ಐಸ್ಲೇಬೆನ್ ಪಟ್ಟಣದಲ್ಲಿ 1483ನೆಯ ಇಸವಿ ನವೆಂಬರ್ 10ರಲ್ಲಿ ಮಾರ್ಟಿನನು ಹುಟ್ಟಿದನು. ಈ ವರುಷವಾದರೂ ನಮಗೆ ತಿಳಿದ ರೀತಿಯು ಗಮನಾರ್ಹವಾಗಿದೆ. ಮಗನು ಹುಟ್ಟಿದ ದಿನವೂ ಹೊತ್ತೂ ತಾಯಿಯ ನೆನಪಿನಲ್ಲಿ ಸ್ಥಿರವಾಗಿದ್ದವು, ವರುಷ ಮಾತ್ರ ನಿಶ್ಚಯವಾಗಿರಲಿಲ್ಲ ಎಂದು ಆಕೆಯನ್ನೇ ವಿಚಾರಿಸಿದ ಮೆಲಾಂಕ್ತನನು ಬರೆದಿದ್ದಾನೆ. ವರುಷವು 1483 ಎಂದು ಹೇಳಿದವನು ಲೂಥರನ ತಮ್ಮನಾದ ಯಾಕೋಬನು. ದಫ್ತರವಿಲ್ಲದ ಸ್ಥಳದಲ್ಲಿ ತಾಯಿಯ ಮಾತೇ ದಫ್ತರವಾಯಿತು.

ಐಸ್ಲೇಬೆನಿನಲ್ಲಿ ಲೂಥರನು ಹುಟ್ಟಿದ ಮನೆಯನ್ನೂ ತೀರಿಕೊಂಡ ಮನೆಯನ್ನೂ ಯಾತ್ರಿಕರಿಗೆ ತೋರಿಸುತ್ತಾರೆ. 1996ರಲ್ಲಿ ಇವು ಲೋಕದ ಪಾರಂಪರಿಕ ಸ್ಥಳಗಳ ಪಟ್ಟಿಯಲ್ಲಿ ಸೇರಿಸಲ್ಪಟ್ಟವು. ಆದರೆ ಹುಟ್ಟಿದ ಮನೆಯು 1689ರ ಬೆಂಕಿಯಲ್ಲಿ ಸುಟ್ಟುಹೋಯಿತು. ಊರಿನವರು ಅದನ್ನು 1693ರಲ್ಲಿ ತಿರಿಗಿ ಕಟ್ಟಿಸಿ, ಲೂಥರನ ಜ್ಞಾಪಕಾರ್ಥವಾಗಿ ಅದರಲ್ಲಿ ಬಡಮಕ್ಕಳಿಗೆ ಶಾಲೆಯನ್ನು ಇಟ್ಟರು. ತೀರಿಕೊಂಡ ಮನೆಯ ಸಂಗತಿಯು ಇನ್ನೂ ವಿಚಿತ್ರವಾದದ್ದು. 1546ನೆಯ ಇಸವಿ ಫೆಬ್ರವರಿ 18ರಲ್ಲಿ ಲೂಥರನು ಪ್ರಾಣಬಿಟ್ಟದ್ದು ಸಂತೆಯ ಚೌಕದಲ್ಲಿದ್ದ ಒಂದು ಮನೆಯಲ್ಲಿ. 1726ರಲ್ಲಿ ಒಬ್ಬ ಚರಿತ್ರಕಾರನು ಆ ಮನೆಯನ್ನು ತಪ್ಪಾಗಿ ಗುರುತಿಸಿ, ದೇವಾಲಯದ ಬಳಿಯಲ್ಲಿದ್ದ ಬೇರೊಂದು ಮನೆಯನ್ನು ಸೂಚಿಸಿದನು. ಜನರು ಅದನ್ನೇ ನಂಬಿದರು. 1862ರಲ್ಲಿ ಪ್ರಶ್ಯದ ಅರಸನು ಆ ಮನೆಯನ್ನೇ ಕೊಂಡು ಸ್ಮಾರಕವನ್ನಾಗಿ ಮಾಡಿಸಿದನು. ನಿಜವಾದ ಸ್ಥಳವು ಈಗ ಪಂಡಿತರಿಗೆ ತಿಳಿದಿದ್ದರೂ ಸ್ಮಾರಕವು ತಪ್ಪಿದ ಮನೆಯಲ್ಲಿಯೇ ನಿಂತಿದೆ. ಒಮ್ಮೆ ಪುಸ್ತಕದಲ್ಲಿ ಅಚ್ಚಾದ ತಪ್ಪನ್ನು ತೆಗೆಯುವದು ಎಷ್ಟು ಕಷ್ಟವೆಂಬದನ್ನು ಇದರಿಂದ ತಿಳಿಯಬಹುದು. ಬಾಯಿಂದ ಬಾಯಿಗೆ ಬಂದ ಮಾತನ್ನು ಪತ್ರದೊಡನೆ ಒರೆಹಚ್ಚಿ ನೋಡಬೇಕು. ಇದು ಎರಡನೆಯ ಪಾಠ.

ಮಾನ್ಸ್‌ಫೆಲ್ಡಿನ ಮನೆ

ಮಗು ಹುಟ್ಟಿದ ಮರುವರುಷವೇ, ಅಂದರೆ 1484ರಲ್ಲಿ, ಕುಟುಂಬವು ಕೆಲವು ಮೈಲುಗಳಾಚೆಯ ಮಾನ್ಸ್‌ಫೆಲ್ಡ್ ಪಟ್ಟಣಕ್ಕೆ ಹೋಯಿತು. ಹಾನ್ಸನು ಅಲ್ಲಿ ತಾಮ್ರದ ಅದಿರನ್ನು ಕರಗಿಸುವ ಕುಲುಮೆಗಳ ಯಜಮಾನನಾದನು. 1491ರೊಳಗೆ ಊರಿನ ಆಡಳಿತ ಸಭೆಯಲ್ಲಿ ಆತನಿಗೆ ಸ್ಥಾನ ದೊರೆತಿತ್ತು. ಹೊಲದಲ್ಲಿ ಪಾಲಿಲ್ಲದೆ ಬಂದ ರೈತನ ಮಗನಿಗೆ ಕುಲುಮೆಗಳನ್ನು ಹಿಡಿಯುವದಕ್ಕೆ ಬೇಕಾದ ಹಣವೂ ನಂಬಿಕೆಯೂ ಎಲ್ಲಿಂದ ಬಂದವು ಎಂಬದು ಬಹುಕಾಲ ಪ್ರಶ್ನೆಯಾಗಿಯೇ ಉಳಿದಿತ್ತು.

ಉತ್ತರವು ತಾಯಿಯ ತವರಿನಲ್ಲಿ ಸಿಕ್ಕಿತು. ಹಳೆಯ ಪುಸ್ತಕಗಳಲ್ಲಿ ಲೂಥರನ ತಾಯಿಯಾದ ಮಾರ್ಗರೇತೆಯ ತವರಿನ ಹೆಸರು ಸೀಗ್ಲರ್ ಎಂದು ಬರೆಯಲ್ಪಟ್ಟಿತ್ತು. ಆಕೆಯೂ ಬಡ ರೈತಳೆಂದೇ ಜನರು ಎಣಿಸಿದ್ದರು. ಪತ್ರಗಳನ್ನು ಸೂಕ್ಷ್ಮವಾಗಿ ಶೋಧಿಸಿದ ಈಚಿನ ಪಂಡಿತರು ಆಕೆಯು ಲಿಂಡೆಮಾನ್ ಎಂಬ ಪಟ್ಟಣವಾಸಿಗಳ ಮನೆತನದವಳೆಂದು ತೋರಿಸಿದ್ದಾರೆ. ಐಸೆನಾಖಿನಲ್ಲಿ ಈ ಮನೆತನಕ್ಕೆ ಗೌರವವಿತ್ತು. ಇದೇ ಮನೆತನದ ಆಂಟೋನಿಯುಸ್ ಲಿಂಡೆಮಾನನು ಮಾನ್ಸ್‌ಫೆಲ್ಡ್ ಪ್ರಭುಗಳ ಗಣಿಗಳ ಮೇಲೆ ದೊಡ್ಡ ಅಧಿಕಾರಿಯಾಗಿದ್ದನು. ಹಾನ್ಸನಿಗೆ ಕುಲುಮೆಯ ದಾರಿಯು ತೆರೆದದ್ದು ಹೆಂಡತಿಯ ಸಂಬಂಧಿಕರಿಂದ ಎಂದು ಇದರಿಂದ ಊಹಿಸುತ್ತಾರೆ. ಒಬ್ಬ ಸ್ತ್ರೀಯ ತವರಿನ ಹೆಸರು ತಪ್ಪಾಗಿ ಬರೆಯಲ್ಪಟ್ಟದ್ದರಿಂದ ಒಂದು ಇಡೀ ಕುಟುಂಬದ ಏಳಿಗೆಯ ಕಾರಣವು ಸುಮಾರು 400 ವರುಷ ಮರೆಯಾಗಿತ್ತು ನೋಡಿರಿ!

ಪತ್ರಗಳು ಹೇಳದ್ದನ್ನು ಕೆಲವು ಸಾರಿ ನೆಲವೇ ಹೇಳುವದು. 2003ರಲ್ಲಿ ಮಾನ್ಸ್‌ಫೆಲ್ಡಿನ ಲೂಥರ್ ಮನೆಯ ಬಳಿಯಲ್ಲಿ ಅಗೆಯುವಾಗ ಹಳೆಯ ಕಸದ ಗುಂಡಿಯೊಂದು ಸಿಕ್ಕಿತು. ಅದರಲ್ಲಿ ಹಂದಿ, ಹೆಬ್ಬಾತು, ಕೋಳಿಗಳ ಎಲುಬುಗಳೂ, ಮಕ್ಕಳು ಆಡುವ ಮಣ್ಣಿನ ಗೋಲಿಗಳೂ, ಬೆಳ್ಳಿಯ ನಾಣ್ಯಗಳೂ, ಹೆಂಗಸರ ಉಡುಪಿಗೆ ಹಾಕುವ ಹಿತ್ತಾಳೆಯ ಅಲಂಕಾರಗಳೂ ಇದ್ದವು. ಲೂಥರನ ಬಾಲ್ಯವು ಕಡುಬಡತನದಲ್ಲಿ ಕಳೆಯಿತೆಂಬ ಹಳೆಯ ಮಾತು ಇದರಿಂದ ಸಡಿಲವಾಯಿತು.

ತಂದೆಯು 1530ರಲ್ಲಿಯೂ ತಾಯಿಯು 1531ರಲ್ಲಿಯೂ ತೀರಿಕೊಂಡರು. 1534ರಲ್ಲಿ ಮಕ್ಕಳು ಕೂಡಿ ಪಾಲುಪತ್ರವನ್ನು ಮಾಡಿಕೊಂಡರು. ಹಂಚಬೇಕಾದ ಆಸ್ತಿಯ ಬೆಲೆಯು 1250 ಗುಲ್ಡನ್ ಎಂದು ಗೊತ್ತಾಯಿತು. ತಮ್ಮನಾದ ಯಾಕೋಬನು ಮನೆಯನ್ನೂ ಕುಲುಮೆಯ ವ್ಯಾಪಾರವನ್ನೂ ವಹಿಸಿಕೊಂಡು, ಮಿಕ್ಕವರ ಪಾಲನ್ನು ಹಣವಾಗಿ ಸಲ್ಲಿಸತಕ್ಕದ್ದೆಂದು ಒಪ್ಪಂದವಾಯಿತು. ಮಾರ್ಟಿನ್, ಯಾಕೋಬ್ ಇವರಲ್ಲದೆ ಮಾಕೆನ್‌ರೋಟ್, ಪೋಲ್ನರ್, ಕೌಫ್ಮಾನ್ ಎಂಬ ಮೂರು ಮನೆತನಗಳಿಗೂ ಈ ಆಸ್ತಿಯಲ್ಲಿ ಪಾಲಿತ್ತು. ಇವು ಲೂಥರನ ಅಕ್ಕತಂಗಿಯರು ಸೇರಿದ ಮನೆತನಗಳು. ಮುಂದೆ ವಿಟ್ಟೆನ್‌ಬರ್ಗಿನಲ್ಲಿ ಲೂಥರನ ಮೇಜಿನ ಸುತ್ತಲೂ ಊಟಕ್ಕೆ ಕೂರುತ್ತಿದ್ದ ಪೋಲ್ನರ್, ಕೌಫ್ಮಾನ್ ಎಂಬ ಹೆಸರಿನ ಮಕ್ಕಳು ಯಾರೆಂಬದು ಈ ಸಂಬಂಧವನ್ನು ಬಲ್ಲವರಿಗೆ ತಟ್ಟನೆ ಹೊಳೆಯುವದು. ಅವರು ತಬ್ಬಲಿಗಳಾದ ಸೋದರಳಿಯಂದಿರೂ ಸೋದರಸೊಸೆಯರೂ ಆಗಿದ್ದರು.

ಇನ್ನೊಂದು ಸಣ್ಣ ಸಂಗತಿ. ತಂದೆಯ ಹೆಸರು ಲೂಡರ್, ಮಗನ ಹೆಸರು ಲೂಥರ್. ಇವು ಬೇರೆ ಮನೆತನಗಳಲ್ಲ. 1517ರ ಸುಮಾರಿನಲ್ಲಿ ಮಾರ್ಟಿನನು ತನ್ನ ಹೆಸರನ್ನು ಬರೆಯುವ ರೀತಿಯನ್ನು ಬದಲಾಯಿಸಿದನು. ಸ್ವತಂತ್ರನು ಎಂಬರ್ಥದ ಗ್ರೀಕ್ ಶಬ್ದದ ಧ್ವನಿಯು ಅದರಲ್ಲಿ ಸೇರಿತು. ಒಂದೇ ಅಕ್ಷರದ ವ್ಯತ್ಯಾಸವನ್ನು ನೋಡಿ ಬೇರೆ ಕುಟುಂಬವೆಂದು ಬಿಟ್ಟುಬಿಡಬಾರದು. ಇದು ಮೂರನೆಯ ಪಾಠ.

ವಿಟ್ಟೆನ್‌ಬರ್ಗಿನ ಮಠವೂ ತ್ಸೂಲ್ಸ್‌ಡಾರ್ಫಿನ ಹೊಲವೂ

ಸನ್ಯಾಸಿಯಾದವನಿಗೆ ಸ್ವಂತ ಮನೆಯೆಲ್ಲಿಯದು? ಲೂಥರನು ವಿಟ್ಟೆನ್‌ಬರ್ಗಿನಲ್ಲಿ ಆಗಸ್ಟೀನನ ಸಂಘದ ಮಠದಲ್ಲಿ ವಾಸಿಸುತ್ತಿದ್ದನು. 1525ನೆಯ ಇಸವಿ ಜೂನ್ 13ರಲ್ಲಿ ಕಾತರೀನಾ ಫಾನ್ ಬೋರಾ ಎಂಬಾಕೆಯನ್ನು ವಿವಾಹವಾದನು. ಆಕೆಯೂ ಮೊದಲು ಕನ್ಯಾಮಠದಲ್ಲಿದ್ದವಳು. ಬಡವಾದ ಒಂದು ಕುಲೀನ ಮನೆತನದ ಮಗಳು. ಸನ್ಯಾಸಿಗಳು ಬಿಟ್ಟುಹೋಗಿ ಬರಿದಾಗಿದ್ದ ಮಠವೇ ಅವರ ಸಂಸಾರದ ಮನೆಯಾಯಿತು. 1532ರಲ್ಲಿ ಸಾಕ್ಸನಿಯ ಅರಸನಾದ ಯೋಹಾನನು ಅದನ್ನು ದಾನಪತ್ರದ ಮೂಲಕ ಲೂಥರನಿಗೂ ಆತನ ಹೆಂಡತಿಗೂ ಅವರ ಮಕ್ಕಳಿಗೂ ಕೊಟ್ಟನು.

ಆ ಮನೆಯನ್ನು ನಡಿಸಿದವಳು ಕಾತರೀನಾ. ಲೂಥರನು ಪುಸ್ತಕಗಳಿಗೆ ಹಣ ತೆಗೆದುಕೊಳ್ಳುತ್ತಿರಲಿಲ್ಲ, ಬೇಡಿದವರಿಗೆ ಇಲ್ಲವೆನ್ನುತ್ತಿರಲಿಲ್ಲ. ಆಕೆಯು ತೋಟಗಳನ್ನು ಕೊಂಡು ಬೆಳೆಸಿದಳು, ದನ ಹಂದಿಗಳನ್ನು ಸಾಕಿದಳು, ಮೀನಿನ ಕೊಳವನ್ನು ನೋಡಿಕೊಂಡಳು, ಬಿಯರ್ ಕಾಯಿಸಿದಳು, ವಿದ್ಯಾರ್ಥಿಗಳನ್ನು ಊಟಕ್ಕಿಟ್ಟುಕೊಂಡಳು. 1540ರಲ್ಲಿ ತನ್ನ ಅಣ್ಣತಮ್ಮಂದಿರಲ್ಲಿ ಒಬ್ಬನ ಕೈಯಿಂದ ತ್ಸೂಲ್ಸ್‌ಡಾರ್ಫ್ ಎಂಬ ಚಿಕ್ಕ ಹಿಡುವಳಿಯು 610 ಗುಲ್ಡನಿಗೆ ಕೊಳ್ಳಲ್ಪಟ್ಟಿತು. ಇದು ಲೈಪ್ಸಿಗ್ ಪಟ್ಟಣದ ದಕ್ಷಿಣಕ್ಕೆ, ವಿಟ್ಟೆನ್‌ಬರ್ಗಿನಿಂದ ಎರಡು ದಿನಗಳ ಪ್ರಯಾಣದ ದೂರದಲ್ಲಿತ್ತು. ಬೋರಾ ಮನೆತನದ ಕೈತಪ್ಪಿಹೋಗುತ್ತಿದ್ದ ಹಿರಿಯರ ನೆಲವನ್ನು ಮಗಳು ಉಳಿಸಿಕೊಂಡಳು. ಆಕೆಯು ಅಲ್ಲಿಗೆ ಹೋಗಿ ವಾರಗಟ್ಟಲೆ ನಿಂತು ಬೇಸಾಯ ಮಾಡಿಸುತ್ತಿದ್ದಳು. ಲೂಥರನು ತನ್ನ ಪತ್ರಗಳಲ್ಲಿ ಆಕೆಯನ್ನು ತ್ಸೂಲ್ಸ್‌ಡಾರ್ಫಿನ ಒಡತಿಯೆಂದು ವಿನೋದವಾಗಿ ಸಂಬೋಧಿಸಿದ್ದಾನೆ.

ಮರಣಶಾಸನ

ಈಗ ನಾವು ಈ ಕುಟುಂಬದ ಪತ್ರಗಳಲ್ಲೆಲ್ಲಾ ಮುಖ್ಯವಾದದ್ದಕ್ಕೆ ಬಂದೆವು. ಸಾಕ್ಸನ್ ದೇಶದ ಹಳೆಯ ಕಟ್ಟಳೆಯ ಪ್ರಕಾರ ಗಂಡನು ಸತ್ತರೆ ಅವನ ನೆಲವು ಮಕ್ಕಳಿಗೆ ಹೋಗುವದು. ವಿಧವೆಗೆ ಮನೆಯ ಕೆಲವು ಸಾಮಾನುಗಳೂ, ಮೊದಲೇ ಗೊತ್ತುಮಾಡಿದ ಜೀವನಾಂಶವಿದ್ದರೆ ಅದೂ ಮಾತ್ರ ಸಿಕ್ಕುವವು. ಇದಲ್ಲದೆ ಸ್ತ್ರೀಯು ಒಬ್ಬ ಪುರುಷ ಪಾಲಕನಿಲ್ಲದೆ ನ್ಯಾಯಸ್ಥಾನದಲ್ಲಿ ವ್ಯವಹರಿಸಕೂಡದು. ಲೂಥರನು ಇದನ್ನು ಬಲ್ಲವನಾಗಿ 1542ನೆಯ ಇಸವಿ ಜನವರಿ 6ರಲ್ಲಿ ಸ್ವಹಸ್ತದಿಂದ ಒಂದು ಮರಣಶಾಸನವನ್ನು ಬರೆದನು. ತ್ಸೂಲ್ಸ್‌ಡಾರ್ಫಿನ ಹಿಡುವಳಿ, ವಾಸಕ್ಕೆ ಒಂದು ಚಿಕ್ಕ ಮನೆ, ಬೆಳ್ಳಿಬಂಗಾರದ ಪಾತ್ರೆಗಳು, ಇವೆಲ್ಲವನ್ನೂ ಕಾತರೀನಳಿಗೆ ಕೊಟ್ಟನು. ಮಕ್ಕಳ ಮೇಲೆ ಬೇರೆ ಪಾಲಕರನ್ನು ನೇಮಿಸಲಿಲ್ಲ. ಆಕೆಯು ತನಗೆ ನಂಬಿಗಸ್ತಳಾದ ಹೆಂಡತಿಯಾಗಿದ್ದಳೆಂದೂ, ತಾಯಿಯು ಮಕ್ಕಳ ಕೈಯನ್ನು ನೋಡುವ ಹಾಗಾಗದೆ ಮಕ್ಕಳೇ ತಾಯಿಯ ಕೈಯನ್ನು ನೋಡಬೇಕೆಂದೂ ಅದಕ್ಕೆ ಕಾರಣಗಳನ್ನು ಕಾಣಿಸಿದನು. ಮೆಲಾಂಕ್ತನ್, ಕ್ರೂಸಿಗರ್, ಬೂಗೆನ್‌ಹಾಗನ್ ಎಂಬ ಮೂವರು ಸ್ನೇಹಿತರು ಸಾಕ್ಷಿ ಹಾಕಿದರು. ಆದರೆ ನ್ಯಾಯಶಾಸ್ತ್ರಿಗಳ ಮೇಲೆ ವಿಶ್ವಾಸವಿಲ್ಲದ ಲೂಥರನು ಶಾಸನವನ್ನು ಕಟ್ಟಳೆಯ ಕ್ರಮದಲ್ಲಿ ಬರೆಯಿಸಲಿಲ್ಲ.

ನಾಲ್ಕು ವರುಷಗಳ ಮೇಲೆ ಆತನು ತೀರಿಕೊಂಡಾಗ ಇದರ ಫಲವು ಕಾಣಿಸಿತು. ಅರಸನ ಮಂತ್ರಿಯಾದ ಗ್ರೆಗೋರ್ ಬ್ರುಕ್ಕನು ಕಾತರೀನಳಿಗೆ ವಿರೋಧಿಯಾಗಿ, ಮನೆವಾರ್ತೆಯನ್ನು ಕಡಿಮೆಮಾಡಿ ಗಂಡುಮಕ್ಕಳನ್ನು ತಾಯಿಯಿಂದ ಬೇರ್ಪಡಿಸಬೇಕೆಂದು ಆಲೋಚನೆ ಹೇಳಿದನು. ಆಕೆಯು ಸುಮ್ಮನಿರಲಿಲ್ಲ. ಅರಸನಾದ ಯೋಹಾನ್ ಫ್ರೆಡರಿಕನಿಗೆ ಮೊರೆಯಿಟ್ಟಳು. ಅರಸನು ಅದೇ 1546ರಲ್ಲಿ ಶಾಸನವನ್ನು ಸ್ಥಿರಪಡಿಸಿದನು. ಆದರೂ ಆಕೆಗೂ ಮಕ್ಕಳಿಗೂ ಪಾಲಕರು ನೇಮಿಸಲ್ಪಟ್ಟರು. ಮಂತ್ರಿಯು ಬೇಡವೆಂದರೂ ಆಕೆಯು ಮಕ್ಕಳ ಭವಿಷ್ಯಕ್ಕೋಸ್ಕರ ವಿಟ್ಟೆನ್‌ಬರ್ಗಿನ ಹತ್ತಿರದ ವಾಕ್ಸ್‌ಡಾರ್ಫ್ ಎಂಬ ಹಿಡುವಳಿಯನ್ನು ಕೊಳ್ಳಿಸಿಯೇ ತೀರಿದಳು.

ಅಷ್ಟರಲ್ಲಿ ಯುದ್ಧವು ಬಂತು. 1546-47ರಲ್ಲಿ ಚಕ್ರವರ್ತಿಯ ದಂಡು ಸಾಕ್ಸನಿಯ ಮೇಲೆ ಏರಿ ಬಂದದ್ದರಿಂದ ಕಾತರೀನಳು ಮಕ್ಕಳನ್ನು ಕರೆದುಕೊಂಡು ಮಾಗ್ಡೆಬುರ್ಗಿಗೆ ಓಡಿಹೋಗಬೇಕಾಯಿತು. ಹಿಂದಿರುಗಿ ಬಂದಾಗ ಹೊಲಗಳು ಹಾಳಾಗಿದ್ದವು, ದನಕರುಗಳಿರಲಿಲ್ಲ. ಆಕೆಯು ಮಠದ ಮನೆಯಲ್ಲಿ ಪುನಃ ವಿದ್ಯಾರ್ಥಿಗಳನ್ನಿಟ್ಟುಕೊಂಡು, ಡೆನ್ಮಾರ್ಕಿನ ಅರಸನಿಗೆ ಸಹಾಯಕ್ಕಾಗಿ ಪತ್ರಗಳನ್ನು ಬರೆದು, ನೆಲವನ್ನು ಬಿಡದೆ ಹಿಡಿದುಕೊಂಡಳು. 1552ರಲ್ಲಿ ಊರಿಗೆ ಮಹಾಮಾರಿ ಬರಲು ಟೋರ್ಗೌ ಪಟ್ಟಣಕ್ಕೆ ಹೊರಟವಳು ದಾರಿಯಲ್ಲಿ ಬಂಡಿಯ ಅಪಾಯದಿಂದ ಗಾಯಗೊಂಡು, ಡಿಸೆಂಬರ್ 20ರಲ್ಲಿ ಅಲ್ಲಿಯೇ ತೀರಿಕೊಂಡಳು. ಮರುವರುಷ ಮಕ್ಕಳು ತ್ಸೂಲ್ಸ್‌ಡಾರ್ಫನ್ನು ಮಾರಿದರು. 1564ರಲ್ಲಿ ಮಠದ ಮನೆಯನ್ನೂ ವಿಟ್ಟೆನ್‌ಬರ್ಗಿನ ವಿಶ್ವವಿದ್ಯಾಲಯಕ್ಕೆ ಮಾರಿದರು. ಲೂಥರನು ಬರೆದ ಮರಣಶಾಸನದ ಮೂಲಪ್ರತಿಯು ಈಗ ಹಂಗೇರಿ ದೇಶದ ಬುಡಾಪೆಸ್ಟಿನಲ್ಲಿ ಲೂಥರನ್ ಸಭೆಯವರ ವಶದಲ್ಲಿದೆ.

ನಾವು ಕಲಿಯತಕ್ಕದ್ದು

ಲೂಥರನ ಗಂಡು ಸಂತತಿಯು 1759ರಲ್ಲಿ ಡ್ರೆಸ್ಡೆನ್ ಪಟ್ಟಣದ ಒಬ್ಬ ವಕೀಲನೊಡನೆ ಮುಗಿಯಿತು. ಹಳೆಯ ರೀತಿಯ ವಂಶಾವಳಿಯಲ್ಲಿ ಅಲ್ಲಿಗೆ ಗೆರೆಯೆಳೆಯುವರು. ಆದರೆ ಲೂಥರನ ಮಗಳಾದ ಮಾರ್ಗರೇತೆಯು 1555ರಲ್ಲಿ ಫಾನ್ ಕುನ್‌ಹೈಮ್ ಎಂಬ ಮನೆತನಕ್ಕೆ ಸೊಸೆಯಾಗಿ ಹೋದಳು. ಆಕೆಯ ಸಂತತಿಯೂ ಆತನ ಮೊಮ್ಮಗಳಂದಿರ ಸಂತತಿಯೂ ಇಂದಿನ ವರೆಗೆ ಬಾಳಿ ಬಂದಿವೆ. 1926ರಲ್ಲಿ ಈ ವಂಶದವರು ಸೇರಿ ಒಂದು ಸಂಘವನ್ನೂ ಸ್ಥಾಪಿಸಿಕೊಂಡರು. ಮುಗಿದದ್ದು ಹೆಸರೇ ಹೊರತು ಕುಟುಂಬವಲ್ಲ.

ಸತ್ಯವೇದವನ್ನು ಓದುವ ನಮಗೆ ಇದು ಹೊಸ ಮಾತಲ್ಲ. ಅರಣ್ಯಕಾಂಡದ 27ನೆಯ ಅಧ್ಯಾಯದಲ್ಲಿ ಚಲ್ಪಹಾದನ ಐದು ಮಂದಿ ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು, ಮಗನಿಲ್ಲದ ಕಾರಣ ತಮ್ಮ ತಂದೆಯ ಹೆಸರು ಕುಲದಿಂದ ತೆಗೆಯಲ್ಪಡುವದು ಯಾಕೆಂದು ಕೇಳಿದರು. ಅವರ ಮಾತು ನ್ಯಾಯವೆಂದು ಕರ್ತನೇ ತೀರ್ಪು ಕೊಟ್ಟನು. ಆ ಐವರ ಹೆಸರುಗಳೂ ಅಲ್ಲಿ ಬರೆಯಲ್ಪಟ್ಟಿವೆ. ಅವು ಉಳಿದದ್ದು ನೆಲದ ವ್ಯಾಜ್ಯದ ದೆಸೆಯಿಂದಲೇ ಎಂಬದು ಗಮನಿಸತಕ್ಕದ್ದು.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮ ಮನೆಗಳಲ್ಲಿಯೂ ಹಳೆಯ ಪತ್ರಗಳು ಪೆಟ್ಟಿಗೆಯ ಅಡಿಯಲ್ಲಿರಬಹುದು. ರಜೆಯಲ್ಲಿ ಊರಿಗೆ ಹೋದಾಗ ಹಿರಿಯರ ಅಪ್ಪಣೆ ಪಡೆದು ಅವನ್ನು ಬಿಡಿಸಿ ಓದಿರಿ. ಅಜ್ಜಿಯಂದಿರನ್ನು ಅವರ ತವರು ಯಾವದು, ಅಲ್ಲಿ ಯಾವ ಗದ್ದೆ ಯಾವ ತೋಟವಿತ್ತು, ಅದರಲ್ಲಿ ಅವರಿಗೆ ಏನು ಬಂತು ಎಂದು ಕೇಳಿರಿ. ಕೇಳಿದ್ದನ್ನು ಪತ್ರದೊಡನೆ ಹೋಲಿಸಿ, ಊರಿನ ಹೆಸರನ್ನೂ ವರುಷವನ್ನೂ ಕಾಣಿಸಿ ಒಂದು ಪುಸ್ತಕದಲ್ಲಿ ಬರೆದಿಡಿರಿ. ತಾಯಿಯ ಹೆಸರಿನೊಂದಿಗೆ ಆಕೆಯ ತಾಯಿಯ ಹೆಸರನ್ನೂ ಮರೆಯದೆ ಬರೆಯಿರಿ. ಮಾರ್ಗರೇತೆ ಲಿಂಡೆಮಾನಳ ತವರನ್ನು ಕಂಡುಹಿಡಿಯುವದಕ್ಕೆ ಪಂಡಿತರು ಶತಮಾನಗಳ ಮೇಲೆ ಶ್ರಮಪಡಬೇಕಾಯಿತು. ನಿಮ್ಮ ಅಜ್ಜಿಯ ತವರನ್ನು ಬರೆಯುವದಕ್ಕೆ ಒಂದು ಸಂಜೆಯು ಸಾಕು.